ಸಾಲಿನ ಕೊನೆಗೆ ಸಣ್ಣಗಾದ ಅಕ್ಷರ

ಬೀದಿಗೆಲ್ಲ ಪೇಂಟರ್ ಮಾವನಾದವನು ಕ್ಷೌರದಂಗಡಿಗೆ ಬರೆದ ಬೋರ್ಡು ಆನೆಯಾಗಿ ಹೊರಟು ಇರುವೆಯಾಗಿ ಮುಗಿದಿತ್ತು. ಮೊದಲ ಅಕ್ಷರ ಬೀದಿಯ ಆಚೆಗೂ ಕಾಣುತ್ತಿತ್ತು. ಕೊನೆಯದನ್ನು ಓದಲು ಏಣಿ ಬೇಕಿತ್ತು.

"ಅಂಗಡಿ ಹೆಸರಿಗೇ ಕಟಿಂಗ್ ಮಾಡಿಬಿಟ್ಯಲ್ಲ ಮಾವ," ಎಂದ ಕ್ಷೌರಿಕ.

ಹಲಗೆಯೇ ಗಿಡ್ಡ ಎಂದು ಮಾವ ವಾದಿಸಿದ. ಉದ್ದದ ಹಲಗೆ ತಂದು ಮತ್ತೆ ಬರೆದ. ಅಲ್ಲೂ ಅಕ್ಷರ ಕುಗ್ಗಿತು, ಖಾಲಿ ಜಾಗ ಹಿಗ್ಗಿತು. ಕನ್ನಡಕ ಬದಲಿಸಿ ಎಂದಳು ಹೆಂಡತಿ. ಬದಲಿಸಿದ. ಈಗ ಸಣ್ಣ ಅಕ್ಷರ ಸ್ಪಷ್ಟವಾಗಿ ಸಣ್ಣಗೆ ಕಂಡಿತು. ವಯಸ್ಸಾಯ್ತು ಬಿಡಿ ಎಂದರು ಅಕ್ಕಪಕ್ಕದವರು. ವಯಸ್ಸಿನ ತಲೆಗೆ ಕಟ್ಟಿಬಿಟ್ಟರೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲವಲ್ಲ.

ತಲೆ ಕೆಡಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡವಳು ಮಾವನ ಅಕ್ಕನ ಮಗಳು. ಅವಳು ಮಿದುಳಿನ ವಿಜ್ಞಾನಿ. ಮಿದುಳಿನ ಜೀವಕೋಶಗಳು ಮೆಲ್ಲಮೆಲ್ಲಗೆ ನಶಿಸುವ ಕಾಯಿಲೆಗಳ ಮೇಲೆ ಅವಳ ಸಂಶೋಧನೆ. ರಜೆಗೆ ಬಂದವಳು ಮಾವ ನಡೆಯುವುದನ್ನು ನೋಡಿದಳು. ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡಿತ್ತು. ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಬರುತ್ತಾ ಎಂದು ಕೇಳಿದಳು. ಬರುವುದೇ ಇಲ್ಲ, ಒಳ್ಳೆಯದೇ ಆಯಿತು ಎಂದು ಮಾವ ನಕ್ಕ. ಅವಳು ನಗಲಿಲ್ಲ.

"ನರರೋಗದ ಡಾಕ್ಟರಿಗೆ ಒಂದ್ಸಲ ತೋರಿಸೋಣ ಮಾವ. ಪಾರ್ಕಿನ್ಸನ್ಸ್ ಇರಬಹುದು, ಇಲ್ಲದೇನೂ ಇರಬಹುದು. ಅವರು ನೋಡಿ ಹೇಳ್ಬೇಕು."

"ನನಗೆ ಹುಚ್ಚು ಅಂತೀಯಾ?"

"ಅದು ಹುಚ್ಚಲ್ಲ. ಕೈಕಾಲಿಗೆ ಅಪ್ಪಣೆ ಕೊಡೋ ಜೀವಕೋಶ ಸೊರಗೋ ಕಾಯಿಲೆ."

ಮಾವ ಮಾತು ತಿರುಗಿಸಿದ. ತನ್ನ ಬೋರ್ಡನ್ನಾದರೆ ಬೀದಿಯೇ ಓದುತ್ತದೆ, ಅವಳ ಸಂಶೋಧನೆಯ ಲೇಖನ ಓದುವವರು ಯಾರು ಎಂದು ಕೆಣಕಿದ. ತಾನು ಮುಖವನ್ನೇ ಕಾಣದ ವಿಜ್ಞಾನಿಗಳು ಎಲ್ಲೆಲ್ಲೋ ಕೂತು ಅದನ್ನು ಓದುತ್ತಾರೆ, ಸರಿಯೋ ತಪ್ಪೋ ಎಂದು ಪರೀಕ್ಷಿಸುತ್ತಾರೆ, ತಾನು ನಿಲ್ಲಿಸಿದಲ್ಲಿಂದ ಮುಂದೆ ಹುಡುಕುತ್ತಾರೆ ಎಂದಳು ಅವಳು. ಆದರೆ ಕಾಯಿಲೆಯವರು ಧೈರ್ಯ ಮಾಡಿ ತಮ್ಮ ನಡಿಗೆ, ಬರವಣಿಗೆ ತೋರಿಸದಿದ್ದರೆ ತನ್ನ ಹಾಳೆಯಲ್ಲಿ ಒಂದಕ್ಷರವೂ ಇರುತ್ತಿರಲಿಲ್ಲವಂತೆ.

"ಗುಣ ಆಗುತ್ತಾ?" ಮಾವ ನೆಲ ನೋಡುತ್ತ ಕೇಳಿದ.

"ಪೂರ್ತಿ ಗುಣ ಮಾಡೋ ಔಷಧಿ ಇನ್ನೂ ಸಿಕ್ಕಿಲ್ಲ. ಅದನ್ನೇ ಹುಡುಕ್ತಿರೋದು. ಆದರೆ ಮಾತ್ರೆ ಇದೆ, ವ್ಯಾಯಾಮ ಇದೆ. ಕೈ ಸ್ವಲ್ಪ ಸಡಿಲ ಆಗುತ್ತೆ."

"ಬ್ರಶ್ ಮುಟ್ಟಬೇಡ ಅಂದ್ಬಿಟ್ರೆ? ಆಮೇಲೆ ನಾನು ಯಾರು ಪುಟ್ಟೀ?"

ಇಷ್ಟು ದಿನ ಬಚ್ಚಿಟ್ಟ ಭಯ ಅದೇ. ಹೆಂಡತಿ ಪಕ್ಕದಲ್ಲಿ ಕೂತು ಆ ಬಲಗೈ ಹಿಡಿದುಕೊಂಡಳು.

"ಬ್ರಶ್ ಬಿಡಿಸೋಕಲ್ಲ ರೀ, ಬಿಡದ ಹಾಗೆ ಮಾಡೋಕೆ ಹೋಗೋಣ. ನಾನೂ ಬರ್ತೀನಿ."

ಹೋದರು. ಅದು ಪಾರ್ಕಿನ್ಸನ್ಸೇ ಆಗಿತ್ತು. ಮಾತ್ರೆ ಶುರುವಾಯಿತು. ಗೆರೆ ಎಳೆದುಕೊಂಡು ದೊಡ್ಡದಾಗಿ ಬರೆಯುವ ಅಭ್ಯಾಸ ಹೇಳಿಕೊಟ್ಟರು. ಈಗ ಸುಣ್ಣ ಹಚ್ಚಿದ ದಾರದ ಒಂದು ತುದಿ ಮಾವನ ಕೈಯಲ್ಲಿ, ಇನ್ನೊಂದು ಹೆಂಡತಿಯ ಕೈಯಲ್ಲಿ. ಬಿಗಿದು ಮೀಟಿದರೆ ಹಲಗೆಯ ಮೇಲೆ ನೇರ ಗೆರೆ ಬೀಳುತ್ತದೆ. ಕೆಲಸ ನಿಧಾನ, ಕೆಲವು ದಿನ ಕೈ ಮುನಿಸಿಕೊಳ್ಳುತ್ತದೆ. ಆದರೂ ಮಾವ ಪೇಂಟರ್ ಮಾವನೇ. ಅಕ್ಕನ ಮಗಳ ಸಂಶೋಧನೆಗೂ ಆಗಾಗ ಒಂದು ಸಾಲು ಬರೆದುಕೊಡುತ್ತಾನೆ, ಕುಗ್ಗಿದ್ದರೂ ಮುಚ್ಚಿಡದೆ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರದೋ ಬರವಣಿಗೆ ಸಣ್ಣಗಾಗಿದೆಯೇ? ನಡೆಯುವಾಗ ಒಂದು ಕೈ ಬೀಸುತ್ತಿಲ್ಲವೇ? ವಾಸನೆ ತಿಳಿಯುತ್ತಿಲ್ಲವೇ? ಇವು ಬೇರೆ ಕಾರಣಕ್ಕೂ ಆಗಬಹುದು, ಹೆದರಬೇಡಿ. ವಯಸ್ಸು ಎಂದು ತಳ್ಳಿಯೂ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ಸಂಶೋಧನೆಗೆ ಕರೆದರೆ ಎಲ್ಲ ಕೇಳಿ ತಿಳಿದು, ಮನಸ್ಸಿದ್ದರೆ ಸೇರಿ. ಆಸ್ಪತ್ರೆಗೆ ಅವರೊಬ್ಬರನ್ನೇ ಕಳಿಸಬೇಡಿ. ನೀವೂ ಹೋಗಿ.