ಮೂಲೆಯಲ್ಲಿದ್ದ ಸಹಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ನನ್ನ ಅಬ್ಬಾ ಬರೆದ ಅಂಗಡಿ ಬೋರ್ಡುಗಳು ಎಷ್ಟಿವೆ ಎಂದು 2004ರಲ್ಲಿ ಒಮ್ಮೆ ಎಣಿಸಲು ಹೊರಟಿದ್ದೆ. ಇನ್ನೂರ ಹನ್ನೊಂದಕ್ಕೆ ನಿಲ್ಲಿಸಿದೆ. ಗುರುತಿಸುವುದು ಸುಲಭವಿತ್ತು. ಅಕ್ಷರದ ತಲೆಕಟ್ಟಿನ ಬಲತುದಿ ತುಸು ಮೇಲಕ್ಕೆ ಎದ್ದಿರುತ್ತಿತ್ತು. ಕುಂಚ ಎತ್ತುವಾಗ ಅಬ್ಬಾ ಮಣಿಕಟ್ಟು ತಿರುಗಿಸುವ ರೀತಿಯಿಂದ ಬಂದದ್ದು. ಕೆಳಗೆ ಬಲಮೂಲೆಯಲ್ಲಿ ಸಣ್ಣದಾಗಿ ‘ಮುಸವೀರ್, ಹುಣಸೂರು’ ಎಂದು ಸಹಿ.

ಸಹಿಗೆ ಒಂದು ಕ್ರಮವಿತ್ತು. ಅಕ್ಷರ ಒಣಗುವವರೆಗೆ ಅಬ್ಬಾ ಸಹಿ ಹಾಕುತ್ತಿರಲಿಲ್ಲ. ಏಣಿಯಿಂದ ಇಳಿದು, ರಸ್ತೆ ದಾಟಿ, ಆಚೆ ಬದಿಯಲ್ಲಿ ನಿಂತು ಬೋರ್ಡು ನೋಡುತ್ತಿದ್ದರು. ಒಪ್ಪಿಗೆಯಾದರೆ ಮತ್ತೆ ಏಣಿ ಹತ್ತಿ ಸಹಿ. ಒಪ್ಪಿಗೆಯಾಗದ ಬೋರ್ಡುಗಳೂ ಇದ್ದವು. ಅಂಗಡಿಯವರು ಚೆನ್ನಾಗಿದೆ ಎಂದರೂ ಅವಕ್ಕೆ ಸಹಿ ಬೀಳುತ್ತಿರಲಿಲ್ಲ.

ನಮ್ಮ ಮನೆಮಾತು ಉರ್ದು. ಅಬ್ಬಾ ಕನ್ನಡ ಶಾಲೆಗೆ ಹೋದದ್ದು ನಾಲ್ಕನೇ ತರಗತಿಯವರೆಗೆ. ಮನೆಯೊಳಗಿನ ಮಾತುಗಳನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನನಗೆ ಕಂಪ್ಯೂಟರ್ ಕಲಿಸಿದವರು ಲಿಂಗರಾಜಣ್ಣ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಡಿಟಿಪಿ ಅಂಗಡಿ. ಕಲಿತಾದ ಮೇಲೆ ನಾನು ಮೈಸೂರಿನ ಒಂದು ಸಂಜೆಪತ್ರಿಕೆಯಲ್ಲಿ ಎರಡು ವರ್ಷ ಪುಟ ಕಟ್ಟಿದೆ. ಪತ್ರಿಕೆ ನಿಂತುಹೋಯಿತು, ಊರಿಗೆ ಬಂದೆ. ಮನೆಯಿಂದಲೇ ಕೆಲಸ ಹಿಡಿದೆ: ಮದುವೆ ಕಾರ್ಡು, ಬಿಲ್ ಪುಸ್ತಕ, ಶಾಲೆಯ ಸ್ಮರಣಸಂಚಿಕೆ, ವರ್ಷಕ್ಕೆ ಒಂದೋ ಎರಡೋ ವೆಬ್‌ಸೈಟು. ಮನೆಯಲ್ಲಿ ಕಂಪ್ಯೂಟರ್ ಇತ್ತು, ಸ್ಕ್ಯಾನರ್ ಇರಲಿಲ್ಲ, ಇಂಟರ್ನೆಟ್ ಇರಲಿಲ್ಲ. ಅವೆರಡಕ್ಕೂ ಲಿಂಗರಾಜಣ್ಣನ ಅಂಗಡಿಯೇ. ಅಲ್ಲಿನ ಎರಡನೇ ಕಂಪ್ಯೂಟರಿನಲ್ಲಿ ‘ಆತಿಕಾ’ ಎಂದು ನನ್ನ ಹೆಸರಿನದೇ ಒಂದು ಫೋಲ್ಡರ್ ಇತ್ತು. ಪ್ರತಿ ರಂಜಾನಿನಲ್ಲಿ ಒಂದು ಸಂಜೆ ಅವರು ಬಾಳೆಹಣ್ಣಿನ ಚಿಪ್ಪು ಹಿಡಿದು ನಮ್ಮ ಮನೆಗೆ ಬಂದು ಉಪವಾಸ ಬಿಡುವ ಹೊತ್ತಿನ ಗಂಜಿ ಕುಡಿದು ಹೋಗುತ್ತಿದ್ದರು. ನನಗೆ ಅಣ್ಣನಿಲ್ಲ. ಆ ಜಾಗದಲ್ಲಿ ಅವರಿದ್ದರು.

2005ರ ಜನವರಿಯಲ್ಲಿ ಚುಂಚನಕಟ್ಟೆ ರಸ್ತೆಯ ಅಕ್ಕಿ ಗಿರಣಿಯೊಂದರ ವೆಬ್‌ಸೈಟು ನನಗೆ ಸಿಕ್ಕಿತು. ಆಗ ಕನ್ನಡ ಅಕ್ಷರ ಎಲ್ಲ ಕಂಪ್ಯೂಟರುಗಳಲ್ಲೂ ಸರಿಯಾಗಿ ಕಾಣುತ್ತಿರಲಿಲ್ಲ. ಶೀರ್ಷಿಕೆಗಳನ್ನು ಚಿತ್ರವಾಗಿ ಮಾಡಿ ಅಂಟಿಸಬೇಕಿತ್ತು. ಗಿರಣಿಯ ಗೇಟಿನ ಮೇಲಿದ್ದದ್ದು ಅಬ್ಬಾ ಬರೆದ ಬೋರ್ಡು. ವೆಬ್‌ಸೈಟಿನಲ್ಲೂ ಅದೇ ಅಕ್ಷರ ಬೇಕು ಎಂದರು ಮಾಲೀಕರು. ಆದರೆ ವಾರಕ್ಕೆರಡು ಸಲ ಶೀರ್ಷಿಕೆ ಬದಲಿಸುತ್ತಿದ್ದರು. ಪ್ರತಿ ಸಲ ಅಬ್ಬಾ ಕೈಲಿ ಬರೆಸಿ ಸ್ಕ್ಯಾನ್ ಮಾಡುವುದು ಆಗದ ಮಾತು. ಅಬ್ಬಾ ಅಕ್ಷರಗಳದೇ ಒಂದು ಫಾಂಟ್ ಮಾಡಿಬಿಟ್ಟರೆ ಬೇಕಾದ್ದನ್ನು ನಾನೇ ಟೈಪ್ ಮಾಡಬಹುದಿತ್ತು.

ಅಬ್ಬಾ ಹನ್ನೊಂದು ಸಂಜೆ ಕೂತು, ಇಪ್ಪತ್ತಮೂರು ಡ್ರಾಯಿಂಗ್ ಹಾಳೆಗಳಲ್ಲಿ ನೂರ ಎಂಬತ್ತಾರು ರೂಪಗಳನ್ನು ಬರೆದುಕೊಟ್ಟರು. ಅಕ್ಷರ, ಒತ್ತು, ಗುಣಿತದ ಚಿಹ್ನೆ, ಎಲ್ಲ ಬಿಡಿಬಿಡಿಯಾಗಿ. ಕೊನೆಯ ಹಾಳೆ ಕೊಡುವಾಗ ನಗುತ್ತಲೇ ಕೇಳಿದರು:

“ಇಷ್ಟನ್ನೂ ಅದರೊಳಗೆ ತುಂಬಿದ ಮೇಲೆ ನನಗೇನು ಕೆಲಸ ಬೇಟಾ?”

“ಇದು ಗಿರಣಿಗೆ ಮಾತ್ರ ಅಬ್ಬಾ. ಬೇರೆ ಎಲ್ಲಿಗೂ ಹೋಗಲ್ಲ.”

“ಮಾತು?”

“ಮಾತು.”

ಲಿಂಗರಾಜಣ್ಣನ ಅಂಗಡಿಯಲ್ಲಿ ಹಾಳೆಗಳನ್ನು ಸ್ಕ್ಯಾನ್ ಮಾಡಿ ಅಲ್ಲೇ ಫಾಂಟ್ ಕಟ್ಟಿದೆ. ಒಂದು ಕೀ ಖಾಲಿ ಉಳಿದಿತ್ತು, ಕೀಬೋರ್ಡಿನ ಎಡಮೇಲಿನ ಮೂಲೆಯದು. ಗಿರಣಿ ಬೋರ್ಡಿನ ಫೋಟೋ ನೋಡಿ ಬಿಡಿಸಿ, ಅದಕ್ಕೆ ಅಬ್ಬಾನ ಸಹಿಯನ್ನು ಹಾಕಿದೆ. ಕೀ ಒತ್ತಿದರೆ ‘ಮುಸವೀರ್, ಹುಣಸೂರು’ ಎಂದು ಪೂರ್ತಿ ಸಹಿ ಮೂಡುತ್ತಿತ್ತು. ಅವರನ್ನು ಕೇಳಿ ಮಾಡಿದ್ದಲ್ಲ, ಅವರಿಗೆ ಹೇಳಲೂ ಇಲ್ಲ. ನನ್ನ ಖುಷಿಗೆ ಮಾಡಿದ್ದು.

ಲಿಂಗರಾಜಣ್ಣ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಒಮ್ಮೆ ತಾವೇ ಒತ್ತಿದರು. ಮತ್ತೊಮ್ಮೆ ಒತ್ತಿದರು.

“ಒಂದೇ ಗುದ್ದಿಗೆ ಸಾಬ್ರೇ ಬಂದ್ಬುಟ್ರಲ್ಲವ್ವಾ!”

“ಅಣ್ಣಾ, ಈ ಫಾಂಟು ಗಿರಣಿ ಕೆಲಸಕ್ಕೆ ಮಾತ್ರ. ಅಬ್ಬಾಗೆ ಮಾತು ಕೊಟ್ಟಿದೀನಿ.”

“ಅಯ್ಯೋ ಬುಡವ್ವ, ಅದನ್ನ ಕಟ್ಕಂಡು ನಾನೇನ್ ಮಾಡ್ಲಿ.”

ವೆಬ್‌ಸೈಟು ಮಾರ್ಚಿನಲ್ಲಿ ಮುಗಿಯಿತು. ಫಾಂಟ್ ಅಂಗಡಿಯ ಕಂಪ್ಯೂಟರಿನ ನನ್ನ ಫೋಲ್ಡರಿನಲ್ಲೇ ಉಳಿಯಿತು. ಅಳಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಜೂನಿನಲ್ಲಿ ಲಿಂಗರಾಜಣ್ಣ ಫ್ಲೆಕ್ಸ್ ಬೋರ್ಡುಗಳ ಆರ್ಡರ್ ಹಿಡಿಯತೊಡಗಿದರು. ಇಲ್ಲಿ ಡಿಸೈನ್ ಮಾಡಿ, ಸಿ.ಡಿ.ಯಲ್ಲಿ ಮೈಸೂರಿಗೆ ಕಳಿಸಿ, ಪ್ರಿಂಟಾದ ಸುರುಳಿಯನ್ನು ಬಸ್ಸಿನಲ್ಲಿ ತರಿಸುವುದು. ನನಗೆ ಆಗ ಮದುವೆ ಕಾರ್ಡುಗಳ ಭರಾಟೆ. ಆ ಡಿಸೈನುಗಳನ್ನು ನಾನು ನೋಡಿರಲಿಲ್ಲ. ಅಬ್ಬಾ ತಲೆ ಕೆಡಿಸಿಕೊಳ್ಳಲಿಲ್ಲ. “ಎರಡು ಬೇಸಿಗೆ ತಡೆಯಲ್ಲ ಅದು” ಎಂದರು.

ಬೋರ್ಡು ಬರೆಯುವವರಿಗೆ ಇಲ್ಲಿ ಒಂದೇ ಸುಗ್ಗಿ, ಮಹಾಲಯ ಅಮಾವಾಸ್ಯೆಯಿಂದ ಆಯುಧಪೂಜೆಯವರೆಗೆ. ಪೂಜೆಯ ದಿನ ಬೋರ್ಡು ಹೊಸದಾಗಿ ಹೊಳೆಯಬೇಕೆಂದು ಅಂಗಡಿಯವರು ವರ್ಷವರ್ಷ ಅಕ್ಷರದ ಮೇಲೆ ಬಣ್ಣ ಓಡಿಸುತ್ತಾರೆ. ಅಬ್ಬಾಗೆ ಪ್ರತಿ ವರ್ಷ ಇಪ್ಪತ್ತಕ್ಕಿಂತ ಹೆಚ್ಚು ಬೋರ್ಡು ಇರುತ್ತಿತ್ತು. ಆ ವರ್ಷ ಆರು ಮಂದಿ ಹೇಳಿಕಳಿಸಿದ್ದರು. ರಂಜಾನ್ ಕೂಡ ಅದೇ ವಾರ ಶುರುವಾಗಿತ್ತು. ಜನ ರೋಜಾ ಉಪವಾಸ ಹಿಡಿದವನಿಗೆ ಏಣಿ ಹತ್ತಿಸುವುದು ಬೇಡ ಅಂದುಕೊಂಡಿರಬೇಕು ಎಂದು ಅಮ್ಮಿ ಸಮಾಧಾನ ಹೇಳಿದರು. ಅಬ್ಬಾ ಒಪ್ಪಲಿಲ್ಲ. ಹೇಳಿಕಳಿಸದಿದ್ದರೂ ತಾವೇ ಹೋಗಿ ಕೇಳುವುದೆಂದು ನಿರ್ಧರಿಸಿದರು.

ಅಕ್ಟೋಬರ್ 8, ಶನಿವಾರ, ನಾಲ್ಕನೇ ರೋಜಾ. ಕೋಟೆಯಲ್ಲಿ ಬಸ್ಸು ಬದಲಿಸಿ ನಾವಿಬ್ಬರೂ ಹಂಪಾಪುರಕ್ಕೆ ಹೋದೆವು. ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮಂಚಯ್ಯನವರ ಬೋರ್ಡನ್ನು ಅಬ್ಬಾ ಹದಿನೇಳು ವರ್ಷಗಳಿಂದ ಬರೆಯುತ್ತಿದ್ದರು. ಅವರ ಮಗಳ ಮದುವೆ ಕಾರ್ಡಿನ ಪ್ರೂಫ್ ತೋರಿಸಬೇಕಿದ್ದರಿಂದ ನಾನೂ ಜೊತೆಗೆ ಹೊರಟಿದ್ದೆ. ಅಬ್ಬಾನ ಕೈಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಕುಂಚಗಳು, ಕೆಂಪು ಮತ್ತು ಬಿಳಿ ಎನಾಮೆಲ್ ಡಬ್ಬಿಗಳು.

ಬಸ್ಸಿಳಿದಾಗ ಮೊದಲು ಕಂಡದ್ದು ನನಗೆ. ಹಳೆಯ ತಗಡಿನ ಬೋರ್ಡಿನ ಮೇಲೆಯೇ ಚೌಕಟ್ಟು ಬಡಿದು ಹತ್ತಡಿ ಉದ್ದದ ಫ್ಲೆಕ್ಸ್ ಹಾಕಿದ್ದರು. ಹಳದಿ ನೆಲ, ಒಂದು ಬದಿಗೆ ಭತ್ತದ ತೆನೆಯ ಫೋಟೋ. ಅಕ್ಷರಗಳ ತಲೆಕಟ್ಟು ಬಲಕ್ಕೆ ಎದ್ದಿತ್ತು. ಕೆಳಗೆ ಮೂಲೆಯಲ್ಲಿ ಸಹಿ.

ಮಂಚಯ್ಯನವರು ಗಲ್ಲಾದಿಂದ ಎದ್ದು ಬಂದರು.

“ಬನ್ನಿ ಬನ್ನಿ ಸಾಬ್ರೇ! ಈ ಸಲ ಬಲು ಪಸಂದಾಗಿ ಮಾಡ್ಕೊಟ್ಟಿದ್ದೀರ ಕಣ್ರೀ. ಅಲ್ಲಾ, ಅಂತೂ ನೀವೂ ಈ ಪಿಲಾಸ್ಟಿಕ್ಕಿಗೆ ಬಂದ್ಬುಟ್ರಿ!”

ಅಬ್ಬಾ ಚೀಲ ಕೆಳಗಿಟ್ಟು, ಅಭ್ಯಾಸದಂತೆ ರಸ್ತೆ ದಾಟಿ, ಆಚೆ ಬದಿಯಲ್ಲಿ ನಿಂತು ನೋಡಿದರು. ಎರಡು ಲಾರಿ ಹೋದವು, ಅವರು ಕದಲಲಿಲ್ಲ. ವಾಪಸ್ಸು ಬಂದು ಕೈ ಎತ್ತಿ ಫ್ಲೆಕ್ಸಿನ ಕೆಳಅಂಚನ್ನು ಬೆರಳಿಂದ ಉಜ್ಜಿದರು.

“ಒಣಗೋಕೆ ಎಷ್ಟೊತ್ತು ಇಡೀತು ಮಂಚಯ್ಯನೋರೇ?”

“ಒದ್ದೆನೇ ಆಗಿರ್ನಿಲ್ವಲ್ಲ ಸಾಬ್ರೇ, ಒಣಗೋದೆಲ್ಲಿ!” ಮಂಚಯ್ಯನವರು ನಕ್ಕರು. “ನಾನು ಲಿಂಗರಾಜಂಗೆ ಯೋಳ್ದೆ, ಸಾಬ್ರ ಕೈ ಬರವಣಿಗೆ ಇಲ್ದಿದ್ರೆ ಬ್ಯಾಡ ಕಣಪ್ಪಾ ಅಂತ. ಅವ್ರ ಸಯ್ಯೇ ತತ್ತೀನಿ ಸುಮ್ಕಿರಿ ಅಂದ. ತಂದ.”

ಇದು ನನ್ನದಲ್ಲ ಎಂದು ಅಬ್ಬಾ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಹೇಗೆ ಹೇಳುವುದು? ಅಕ್ಷರ ಅವರದೇ ಆಗಿತ್ತು. “ಪೂಜೆ ಚೆನ್ನಾಗಿ ಮಾಡಿ” ಎಂದು ಹೇಳಿ ಚೀಲ ಎತ್ತಿಕೊಂಡರು. ನಾನು ಕಾರ್ಡಿನ ಪ್ರೂಫ್ ಕೊಟ್ಟು ಅವರ ಹಿಂದೆ ಓಡಿದೆ.

ಕೋಟೆಯಲ್ಲಿ ಹುಣಸೂರಿನ ಬಸ್ಸು ಹತ್ತಿ ಕೂತೆವು. ಆಮೇಲೆ ಕೇಳಿದರು.

“ಯಾವಾಗ ಕೊಟ್ಟೆ?”

“ನಾನು ಕೊಟ್ಟಿಲ್ಲ ಅಬ್ಬಾ.”

“ಹಾಗಾದರೆ ನನ್ನ ಸಹಿ ಹುಣಸೂರಿನಿಂದ ಹಂಪಾಪುರಕ್ಕೆ ನಡೆದುಕೊಂಡು ಬಂತಾ? ನಾನು ಬರೆದುಕೊಟ್ಟ ಹಾಳೆಗಳಲ್ಲಿ ಸಹಿ ಇರಲಿಲ್ಲ ಆತಿಕಾ. ಒಂದರಲ್ಲೂ ಇರಲಿಲ್ಲ.”

ಆ ಕೀ ವಿಷಯ ಆಗ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ಬೇಟಾ ಎನ್ನದೆ ಹೆಸರು ಹಿಡಿದು ಕರೆದರಲ್ಲ, ನಾನು ಅದನ್ನೇ ಯೋಚಿಸುತ್ತಿದ್ದೆ.

ಮನೆಗೆ ಹೋಗದೆ ನೇರವಾಗಿ ಅಂಗಡಿಗೆ ಹೋದೆ. ಲಿಂಗರಾಜಣ್ಣ ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. ಕೇಳಿದ್ದಕ್ಕೆ ಫೈಲುಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ನಲವತ್ತಮೂರು ಬೋರ್ಡು. ಪಿರಿಯಾಪಟ್ಟಣದ ಬೇಕರಿ, ಗುರುಪುರದ ಹಾಲಿನ ಡೈರಿ, ಕೆ.ಆರ್.ನಗರದ ಎರಡು ಔಷಧಿ ಅಂಗಡಿ. ಎಲ್ಲದರ ಮೂಲೆಯಲ್ಲೂ ಸಹಿ. ಅವುಗಳಲ್ಲಿ ಕಾಗುಣಿತ ತಪ್ಪಿದ್ದ ಒಂದು ಬೋರ್ಡಿಗೂ ಸಹಿಯಿತ್ತು.

“ಮಾತು ಕೊಟ್ಟಿದ್ರಲ್ಲ ಅಣ್ಣಾ.”

“ನಿಂಗೆ ಯೋಳೋಣ ಅಂತಾನೇ ಇದ್ದೆ ಕಣವ್ವ. ಜನ ಕೇಳೋದೇ ಸಾಬ್ರ ಅಕ್ಸರ. ಸಯ್ಯಿ ಇಲ್ದಿದ್ರೆ ತಕ್ಕಳಾಕಿಲ್ಲ ಅಂತವ್ರೆ. ನಾನು ಹೆಸ್ರು ಅಳ್ಸಿದ್ರೆ ಕಳ್ಳತನ. ಹೆಸ್ರು ಹಾಕೇ ಕೊಟ್ಟಿವ್ನಿ.”

“ಈ ಸುಗ್ಗಿಯಲ್ಲಿ ಅಬ್ಬಾಗೆ ಆರು ಬೋರ್ಡು ಬಂದಿವೆ.”

ಅವರು ಕಂಪ್ಯೂಟರಿನ ಕಡೆ ತಿರುಗಿದರು. ಫಾಂಟನ್ನು ಹುಡುಕಿ ನನ್ನೆದುರೇ ಅಳಿಸಿದರು. “ನೋಡವ್ವ, ಓಯ್ತು.” ಅದು ಹೋಗಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮೈಸೂರಿಗೆ ಕಳಿಸಿದ ಪ್ರತಿ ಸಿ.ಡಿ.ಯಲ್ಲೂ ಅದರ ಪ್ರತಿ ಇತ್ತು.

ನಾನು ಕೇಳಿದ್ದು ಒಂದೇ. ಮನೆಗೆ ಬಂದು, ಆತಿಕಾ ಇದಕ್ಕೆ ಒಪ್ಪಿರಲಿಲ್ಲ, ಗಿರಣಿಗೆ ಮಾತ್ರ ಎಂದು ಹೇಳಿದ್ದಳು ಎಂಬುದನ್ನು ಅಬ್ಬಾನ ಮುಂದೆ ಹೇಳಬೇಕು. ನಾನು ಹೇಳಿದರೆ ಅದು ಸಮಜಾಯಿಷಿ. ಅವರು ಹೇಳಿದರೆ ಸಾಕ್ಷಿ.

“ಅಷ್ಟೇ ತಾನೆ? ನಾಳೆ ಸಂಜೆ ಬತ್ತೀನಿ. ಎಂಗೂ ಗಂಜಿ ಕುಡಿಯೋಕೆ ಬರ್ಬೇಕಲ್ಲ.”

ಭಾನುವಾರ ಸಂಜೆ ಮಸೀದಿಯ ಬಾಂಗ್ ಆದ ಮೇಲೆ ಬಂದರು, ಬಾಳೆಹಣ್ಣಿನ ಚಿಪ್ಪಿನೊಂದಿಗೆ. ಅಬ್ಬಾ ಖರ್ಜೂರ ಮುಂದಿಟ್ಟರು. ಅಮ್ಮಿ ಬಟ್ಟಲಲ್ಲಿ ಗಂಜಿ ಕೊಟ್ಟರು. ಅರ್ಧ ಬಟ್ಟಲು ಕುಡಿದು ಲಿಂಗರಾಜಣ್ಣ ಮಾತು ತೆಗೆದರು.

“ಸಾಬ್ರೇ, ಬೇಜಾರ್ ಮಾಡ್ಕಬೇಡಿ. ಆತಿಕಾನೇ ತಂದು ನನ್ನ ಕಂಪ್ಯೂಟ್ರಿಗೆ ಹಾಕಿದ್ಲು. ನಿಮ್ಮ ಸಯ್ಯಿನೂ ಅವಳೇ ಹಾಕಿದ್ಲು, ನಾನು ಕೇಳಿರ್ನಿಲ್ಲ. ನಿಮ್ಮ ಹೆಸ್ರು ನಾಲ್ಕು ತಾಲ್ಲೂಕಿಗೂ ಅರಡ್ಲಿ ಅಂತ ನಾನು ಬಳಸ್ದೆ. ಇಂಥಾ ಮಗಳು ಎಷ್ಟು ಜನಕ್ಕವ್ಳೆ ಯೋಳಿ!”

“ಅಣ್ಣಾ, ನಾನು ಏನು ಹೇಳಿದ್ದೆ ಅದನ್ನು ಹೇಳಿ.”

“ಏನ್ ಯೋಳಿದ್ದೆ? ಎಷ್ಟೋ ಮಾತಾಡಿರ್ತೀವಿ ಕಣವ್ವ, ಎಲ್ಲಾ ಗೆಪ್ತಿ ಇರ್ತದಾ?”

ಪತ್ರಿಕೆಯಲ್ಲಿದ್ದಾಗ ಪ್ರತಿ ವಾಕ್ಯವನ್ನೂ ಇದು ನಿಜವೇ ಎಂದು ಕೇಳಿ ಪುಟಕ್ಕೆ ಹಾಕುತ್ತಿದ್ದೆವು. ‘ಹಾಕಿದ್ಲು’ ಎಂದ ಅವರ ಎರಡು ವಾಕ್ಯಗಳನ್ನು ಹಾಗೆ ಪರೀಕ್ಷಿಸಿದರೆ ತೆಗೆಯಲು ಒಂದು ಪದವೂ ಸಿಗುವುದಿಲ್ಲ. ಹಾಕಿದವಳು ನಾನೇ. ಸಹಿ ಹಾಕಿದವಳೂ ನಾನೇ. ಅವರು ಹೇಳದೆ ಬಿಟ್ಟದ್ದರಲ್ಲೇ ಸುಳ್ಳಿತ್ತು. ಬಿಟ್ಟದ್ದಕ್ಕೆ ಸಾಕ್ಷಿಯಿರಲಿಲ್ಲ.

ನಾನು ಹೇಳಿದೆ, ಹೇಳುತ್ತಲೇ ಹೋದೆ, ಧ್ವನಿ ಏರಿತು. ಅಬ್ಬಾ ಕೈ ಎತ್ತಿ ತಡೆದರು.

“ಮನೆಗೆ ಬಂದವರ ಮುಂದೆ ಕೂಗಬೇಡ ಆತಿಕಾ.” ಲಿಂಗರಾಜಣ್ಣನ ಕಡೆ ತಿರುಗಿ ಕನ್ನಡದಲ್ಲಿ ಅಂದರು: “ಗಂಜಿ ತಣ್ಣಗಾಗ್ತದೆ, ಕುಡೀರಿ.”

ಅವರು ಕುಡಿದು, ಬಟ್ಟಲು ತೊಳೆಯುತ್ತೇನೆಂದು ಉಪಚಾರದ ಮಾತಾಡಿ, ಹೊರಟರು. ಮರುದಿನದಿಂದ ನಾನು ಆ ಅಂಗಡಿಗೆ ಹೋಗಲಿಲ್ಲ. ಕೆಲಸವನ್ನು ಸಿ.ಡಿ.ಯಲ್ಲಿ ಹಾಕಿಕೊಂಡು ಮೈಸೂರಿಗೆ ಓಡಾಡಿದೆ. ಅಬ್ಬಾ ಆ ವಿಷಯ ಮತ್ತೆ ಎತ್ತಲಿಲ್ಲ. ಬೈದಿದ್ದರೆ ನಾನು ಉತ್ತರ ಕೊಡಬಹುದಿತ್ತು.

ಈದ್ ಮುಗಿದು ಹದಿನೈದು ದಿನಕ್ಕೆ ಸಂತೆ ಬೀದಿಯ ಪಾತ್ರೆ ಅಂಗಡಿಯವರು ಅಬ್ಬಾ ಕೈಲಿ ಬೋರ್ಡು ಬರೆಸಿದರು. ಊಟದ ಡಬ್ಬಿ ಕೊಡಲು ಹೋದಾಗ ನೋಡಿದೆ. ಮೊದಲು ಬೇರೆ ಯಾರೋ ಬರೆಯುತ್ತಿದ್ದಾರೆ ಅಂದುಕೊಂಡೆ. ತಲೆಕಟ್ಟು ಎಲ್ಲೂ ಏಳದೆ ನೇರವಾಗಿತ್ತು. ಅಕ್ಷರಗಳ ಹೊಟ್ಟೆಗಳು ಕಿರಿದಾಗಿದ್ದವು. ಕುಂಚ ಅಲ್ಲಲ್ಲಿ ತಡವರಿಸಿದ್ದು ಕಾಣುತ್ತಿತ್ತು. ಐವತ್ತೆಂಟನೇ ವಯಸ್ಸಿನಲ್ಲಿ ಅಬ್ಬಾ ಮಣಿಕಟ್ಟು ತಿರುಗಿಸುವುದನ್ನು ಬಿಟ್ಟಿದ್ದರು.

ಬರೆದು ಮುಗಿಸಿ, ಇಳಿದು, ರಸ್ತೆ ದಾಟಿ ನೋಡಿದರು. ವಾಪಸ್ಸು ಬಂದು ಏಣಿ ಮಡಚಿದರು.

“ಸಾಬ್ರೇ, ಸಯ್ಯಿ?” ಅಂಗಡಿಯವರು ಕೇಳಿದರು.

“ಇನ್ನೂ ಕಲೀತಾ ಇವ್ನಿ” ಎಂದರು ಅಬ್ಬಾ.

ಅವರು ಎಲ್ಲಿ ಕಲಿಯುತ್ತಿದ್ದಾರೆಂದು ಗೊತ್ತಾದದ್ದು ಡಿಸೆಂಬರಿನಲ್ಲಿ. ಚಹಾ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದೆ. ನೆಲದ ಮೇಲೆ ಡ್ರಾಯಿಂಗ್ ಹಾಳೆ ಇರಲಿಲ್ಲ. ನಾನು ಒಂದನೇ ತರಗತಿಯಲ್ಲಿ ಬಳಸಿದ್ದ ಸ್ಲೇಟು ಅವರ ತೊಡೆಯ ಮೇಲಿತ್ತು. ನನ್ನ ಹೆಜ್ಜೆ ಸಪ್ಪಳಕ್ಕೆ ಅಬ್ಬಾ ಒದ್ದೆ ಬಟ್ಟೆ ಎತ್ತಿಕೊಂಡು ಸ್ಲೇಟು ಒರೆಸಿದರು. ಅವಸರವೇನೂ ಇರಲಿಲ್ಲ.

“ಚಹಾ ಅಲ್ಲಿಡು.”

ಇಟ್ಟೆ. ಒರೆಸುವಾಗ ಬಲಮೂಲೆಯಲ್ಲಿ ಒಂದು ಅಕ್ಷರದ ಕೊಂಬು ಉಳಿದಿತ್ತು, ಹೊಸ ರೀತಿಯದು, ಒಳಕ್ಕೆ ಬಾಗಿದ್ದು. ಅವರು ನನ್ನ ಕಣ್ಣು ಎಲ್ಲಿದೆ ಎಂದು ನೋಡಿದರು. ಬಟ್ಟೆಯ ತುದಿಯಿಂದ ಅದನ್ನೂ ಒರೆಸಿದರು.

ಆ ಬಾಗು ನನಗೆ ನೆನಪಿದೆ. ಕಂಪ್ಯೂಟರಿನಲ್ಲಿ ಬಿಡಿಸಲು ನಾಲ್ಕು ಬಿಂದು ಸಾಕು. ಬಿಡಿಸಿಲ್ಲ. ಬಿಡಿಸಿಲ್ಲ ಎಂಬುದಕ್ಕೂ ಅವರಿಗೆ ತೋರಿಸಲು ನನ್ನ ಬಳಿ ಸಾಕ್ಷಿಯಿಲ್ಲ.