ತೂಕ ಹೆಚ್ಚಿದ ಬಟ್ಟಲು

ತಕ್ಕಡಿಯ ಗಾಜಿನಾಚೆ ಕೊನೆಯ ಅಂಕಿ ಏಳೋ ಎಂಟೋ ಎಂದು ಹೊಯ್ದಾಡುತ್ತಿದೆ, ನಿಂತುಬಿಡಪ್ಪ — ನಿಂತಿತು, ಎಂಟು, ಹೆಚ್ಚಿದೆ, ಇದು ಬರೀ ನೆನೆಯಲು ಬಿಟ್ಟ ಪ್ಲಾಸ್ಟಿಕ್ ಬಟ್ಟಲು, ಯಂತ್ರದ ಭಾರ ಕಾಣದ್ದು, ಸುಮ್ಮನೆ ದ್ರವ ಕುಡಿದು ಕೂತದ್ದು, ಇದು ಕುಡಿದಷ್ಟನ್ನೇ ಯಂತ್ರದಲ್ಲಿ ಸವೆದ ಜೋಡಿ ಬಟ್ಟಲೂ ಕುಡಿದಿರುತ್ತದೆ, ಆ ತೂಕ ಕಳೆಯದಿದ್ದರೆ ಸವೆತ ಕಾಣುವುದೇ ಇಲ್ಲ, ಮೊದಲ ದಿನದ ಪಾಠ, ಹನ್ನೆರಡು ವರ್ಷದಿಂದ ಕೃತಕ ಸೊಂಟದ ಕೀಲಿನ ಗುಂಡು, ಬಟ್ಟಲು ಉಜ್ಜಿಸಿ ನೋಡುವುದೇ ಅವಳ ಕೆಲಸ, ಮತ್ತು ಕಳೆದ ತಿಂಗಳು ಆಸ್ಪತ್ರೆಗೆ ಕಳಿಸಿದ ವರದಿಯಲ್ಲಿ ನೆನೆದ ತೂಕದ ಒಂದು ಸಾಲು ಖಾಲಿ, ಅವಳದೇ ಅಕ್ಷರ, ಅವಳದೇ ಸಹಿ, ಹೊಸ ಗಟ್ಟಿ ಪ್ಲಾಸ್ಟಿಕ್‌ಗೆ ಕಳೆದಿದ್ದಾಳೆ, ಮಾಮೂಲಿ ಪ್ಲಾಸ್ಟಿಕ್‌ಗೆ ಮರೆತಿದ್ದಾಳೆ, ಎರಡರ ಸವೆತವೂ ಒಂದೇ ಎಂದು ಬರೆದಿದ್ದಾಳೆ, ನಿಜಕ್ಕೆ ಮಾಮೂಲಿದೇ ಹೆಚ್ಚು ಸವೆಯುತ್ತದೆ, ಊಟಕ್ಕೆ ಕೂತಾಗ, ಸೊಂಟದ ಆಪರೇಷನ್ನಿಗೆ ಕಾದಿದ್ದ ಅಮ್ಮನಿಗೂ ಹೇಳಿದ್ದಾಳೆ, ಎರಡೂ ಒಂದೇ ಕಣಮ್ಮ, ಮಾಮೂಲಿದೇ ಹಾಕಿಸ್ಕೊ — ನೀನು ಹೇಳಿದ್ಮೇಲೆ ಮುಗೀತು ಬಿಡು, ನಿನಗಿಂತ ಡಾಕ್ಟರಿಗೆ ಜಾಸ್ತಿ ಗೊತ್ತಾ, ಮೂವತ್ತು ವರ್ಷ ಮನೆಮನೆಗೆ ಅಂಚೆ ಹಂಚಿದ ಅಮ್ಮ, ಈ ಕಾಲೊಂದು ಸರಿಹೋಗ್ಲಿ, ನಿಮ್ಮನ್ನೆಲ್ಲ ಹಿಂದೆ ಹಾಕ್ತೀನಿ ನೋಡ್ತಿರು — ಹಾಕುತ್ತಾಳೆ, ನಡೆದಷ್ಟೂ ಲೋಹದ ಗುಂಡು ಬಟ್ಟಲನ್ನು ಕೆರೆಯುತ್ತದೆ, ಕಣ್ಣಿಗೆ ಕಾಣದ ಪುಡಿ, ಪುಡಿಯ ಸುತ್ತ ಕರಗುವ ಮೂಳೆ, ಹತ್ತು ವರ್ಷಕ್ಕೆ ಮತ್ತೆ ಕೊಯ್ಯುವುದು, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದರೆ ಸಹಿಸಬಹುದಿತ್ತು, ಇದು ಅಮ್ಮನ ಕಾಲು, ಆಪರೇಷನ್ ಹನ್ನೊಂದಕ್ಕೆ, ಈಗ ಹತ್ತೂ ಐವತ್ತು, ಆಸ್ಪತ್ರೆಯ ಫೋನ್ ಹೊಡೆದುಕೊಳ್ಳುತ್ತಲೇ ಇದೆ, ಎತ್ತಿ, ಯಾರಾದರೂ ಎತ್ತಿ, ಹಿಂದೆ ಬಾಗಿಲಲ್ಲಿ ಮ್ಯಾನೇಜರು, ಏನಮ್ಮ, ಮುಖ ಯಾಕೆ ಹಾಗಾಗಿದೆ, ಬಾಯಿ ಬಿಟ್ಟರೆ ಬಣ್ಣಗೇಡು, ಕೆಲಸವೂ ಹೋದೀತು, ಡಾಕ್ಟರಿಗೆ ಸುಮ್ಮನೆ ಅಮ್ಮನ ಮನಸ್ಸು ಬದಲಾಯ್ತು ಅಂದರೆ ಸಾಕಲ್ಲ, ಯಾರಿಗೂ — ಹಲೋ, ನರ್ಸಿನ ದನಿ, ಡಾಕ್ಟ್ರು ಕೈ ತೊಳೆದಾಯ್ತು, ಸ್ಪೀಕರ್ ಹಾಕಿದ್ದೀನಿ, ಬೇಗ ಹೇಳಿ, ಅಮ್ಮಂಗೆ ಗಟ್ಟಿ ಪ್ಲಾಸ್ಟಿಕ್ಕೇ ಹಾಕಿ ಡಾಕ್ಟ್ರೇ, ಯಾಕೆ ಈಗ, ಎರಡೂ ಒಂದೇ ಅಂತ ನೀವೇ ಬರೆದಿದ್ರಲ್ಲ, ಮ್ಯಾನೇಜರು ಒಂದು ಹೆಜ್ಜೆ ಹತ್ತಿರ ಬಂದರು, ನನ್ನ ವರದಿ ತಪ್ಪು ಡಾಕ್ಟ್ರೇ — ಅಂದೇಬಿಟ್ಟಳು, ಆ ಕಡೆಯಿಂದ ಡಾಕ್ಟರು, ಸರಿ, ನಿಮ್ಮಮ್ಮಂಗೆ ಗಟ್ಟಿದೇ ಹಾಕ್ತೀನಿ, ಆದ್ರೆ ನಿಮ್ಮ ವರದಿ ನಂಬಿ ಹೋದ ವಾರ ಇಬ್ಬರಿಗೆ ಮಾಮೂಲಿದು ಹಾಕ್ಬಿಟ್ಟೆನಲ್ಲಮ್ಮ — ಇಬ್ಬರು, ಅಮ್ಮ ಉಳಿದಳು, ಇಬ್ಬರು, ಯಾರೋ, ಮುಖವಿಲ್ಲ, ಯಾವುದೋ ಮನೆಯ ತಣ್ಣನೆಯ ನೆಲ, ಗೋಡೆ ಹಿಡಿದು ಮೆಲ್ಲಗೆ ಒಂದು ಹಿಮ್ಮಡಿ ಏಳುತ್ತದೆ, ಊರುತ್ತದೆ, ನೋಡ್ರೋ ನಡೀತಿದ್ದೀನಿ, ಏಳುತ್ತದೆ, ಊರುತ್ತದೆ, ಆ ಹಿಮ್ಮಡಿ ಏಳುತ್ತದೆ —