ಟವೆಲ್ಲಿನ ಕೆಳಗೆ ಮೂರು ಬೆರಳು

ಹಿರಿಯೂರಿನ ಕುರಿಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು, ಮಡಚಿ, ಮಾತಿಲ್ಲದೆ ವ್ಯಾಪಾರ ಮುಗಿಸುತ್ತಾರೆ. ಸುಮಾ ಹಿರೇಗುಂಟನೂರಿನ ಕುರಿ ಸಾಕುವ ಮನೆಯವಳು. ಆ ಮೌನ ಅವಳಿಗೆ ಚಿಕ್ಕಂದಿನಿಂದ ಇಷ್ಟ. ಡಿಗ್ರಿ ಮುಗಿಸಿ, ಕುರಿ ಮಾರಲು ಅವಳು ಮಾಡಿದ ಆ್ಯಪ್‌ನಲ್ಲೂ ಅದನ್ನೇ ಇಟ್ಟಿದ್ದಳು. ಬೆಲೆ ಕುದುರಿಸುವ ಹೊತ್ತಿಗೆ ಮೊಬೈಲಿನ ಪರದೆಯ ಮೇಲೆ ಕಪ್ಪು ಟವೆಲ್ಲೊಂದು ಹಾಸಿಕೊಳ್ಳುತ್ತಿತ್ತು. ಅದರಡಿ ನಡೆದದ್ದು ಇಬ್ಬರಿಗೆ ಮಾತ್ರ ಗೊತ್ತು.

ಅದೇ ಮುಳುವಾಯಿತು. ಆ್ಯಪ್ ಬಳಸುವವರು ಕೊಡುವ ಚಂದಾದಲ್ಲಿ ನೂರಕ್ಕೆ ಮೂವತ್ತು ಆ್ಯಪ್ ಸ್ಟೋರಿಗೆ ಹೋಗಬೇಕಿತ್ತು. ಕಪ್ಪು ಪರದೆಯ ಹಿಂದೆ ಅವಳು ಚಂದಾವನ್ನು ಕದ್ದು ವಸೂಲಿ ಮಾಡುತ್ತಿದ್ದಾಳೆಂದು ಸ್ಟೋರು ಆ್ಯಪನ್ನೇ ಕಿತ್ತುಹಾಕಿತು. ಮುಚ್ಚಿದ್ದನ್ನು ತೆಗೆಯಿರಿ, ಆಮೇಲೆ ಪರಿಶೀಲಿಸುತ್ತೇವೆ ಎಂದು ಮೇಲ್ ಬಂತು. ಅವಳು ಎಷ್ಟು ವಿವರಿಸಿ ಬರೆದರೂ ಅದೇ ಸಾಲುಗಳು ಮರಳಿದವು. ಕೆಳಗೆ ಯಾರ ಹೆಸರೂ ಇರಲಿಲ್ಲ. ಮಾತು ಕಡಿಮೆಯ ಜನರ ನಡುವೆ ಬೆಳೆದವಳಿಗೂ ಈ ಮೌನ ಹೊಸದು. ಇದರೊಳಗೆ ಮನುಷ್ಯರೇ ಇರಲಿಲ್ಲ.

ಚಿತ್ರದುರ್ಗದ ವಕೀಲ ದುರುಗೇಶ್ ಕಂಪನಿಗಳ ದಬ್ಬಾಳಿಕೆ ವಿಚಾರಿಸುವ ದಿಲ್ಲಿಯ ಸ್ಪರ್ಧಾ ಆಯೋಗಕ್ಕೆ ಸ್ಟೋರಿನ ಮೇಲೆ ದೂರು ಸಿದ್ಧಮಾಡಿದ. “ಟವೆಲ್ ಮುಚ್ಚೋದು ಕಳ್ಳತನ ಅಲ್ಲ, ಪದ್ಧತಿ ಅಂತ ಸಂತೆಯೋರು ಸಹಿ ಹಾಕಿ ಕೊಡ್ಬೇಕು. ಅಜ್ಜಪ್ಪ ಹಾಕಿದ್ರೆ ಎಲ್ಲರೂ ಹಾಕ್ತಾರೆ. ಅವನು ಹಾಕ್ದಿದ್ರೆ ನಿನ್ನ ಆ್ಯಪ್ ಮರೆತುಬಿಡು.”

ಅಜ್ಜಪ್ಪ ಸಂತೆಯ ಹಳೇ ದಲ್ಲಾಳಿ. ಮುಂದಿನ ಸಂತೆಯ ದಿನ ಸುಮಾ ಅವನ ಮುಂದೆ ಹೋಗಿ ನಿಂತಳು. ‘ದಲ್ಲಾಳಿಗೆ ಯಾಕೆ ಕೊಡ್ತೀರಿ?’ ಎಂದು ಆ್ಯಪ್‌ನ ಪ್ರಚಾರಕ್ಕೆ ಅವಳೇ ಅಂಟಿಸಿದ್ದ ಪೋಸ್ಟರು ಅವನ ತಲೆಯ ಹಿಂದಿನ ಗೋಡೆಯಲ್ಲೇ ಅರ್ಧ ಹರಿದು ನೇತಾಡುತ್ತಿತ್ತು.

“ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ,” ಎಂದ. ಕೂರಲು ಏನೂ ಇರಲಿಲ್ಲ. “ಅಂಗಡಿಯಿಂದ ಆಚೆಗೆ ನೂಕಿದ್ರಂತೆ?”

ಸುತ್ತ ಇದ್ದವರು ನಕ್ಕರು. ಅವಳು ಸಹಿಯ ಕಾಗದ ಮುಂದೆ ಹಿಡಿದಳು.

“ಎಷ್ಟು ಕೇಳ್ತಾರಮ್ಮ ಅವರು?”

“ನೂರಕ್ಕೆ ಮೂವತ್ತು.”

“ನಾನು ಎರಡು ತಗಂತಿದ್ದೆ ಕಣೇ. ಎರಡು! ನನ್ನ ಸುಲಿಗೆಕೋರ ಅಂತ ಊರೂರು ಸಾರಿದೆ. ನನ್ನ ಅನ್ನಕ್ಕೆ ಕಲ್ಲು ಹಾಕಿ ಈಗ ಸಹಿ ಬೇಕಾ?”

“ಪದ್ಧತಿ ನಂದಲ್ಲ, ನಿಮ್ದು. ಅದನ್ನೇ ಕಳ್ಳತನ ಅಂತಾವ್ರೆ. ನಿಮಗೇನೂ ಅನ್ಸಲ್ವಾ?”

ಅಜ್ಜಪ್ಪ ಹೆಗಲಿನ ಟವೆಲ್ ಬಿಡಿಸಿ ತನ್ನ ಬಲಗೈ ಮೇಲೆ ಹಾಕಿಕೊಂಡ. “ಕೈ ಕೊಡು. ಒಂದು ಬೆರಳಿಗೆ ನೂರಕ್ಕೆ ಹತ್ತು. ನಿನ್ನ ಚಂದಾದಾಗೆ. ಆಮೇಲೆ ಸಹಿ.”

ಕುರಿ ಮಾರುವವರು ಹತ್ತಿರ ಸರಿದರು. ಸುಮಾ ಟವೆಲ್ಲಿನ ಕೆಳಗೆ ಕೈ ತೂರಿಸಿದಳು. ಬೆವರಿನ ಬಿಸಿ, ಉಣ್ಣೆಯ ಜಿಡ್ಡು. ಚಾಚಿದ ಮೂರು ಬೆರಳು ಅವಳ ಅಂಗೈಗೆ ತಾಗಿದವು.

ಅದೇ ಮೂವತ್ತು. ಆದರೂ ಅವಳಿಗೆ ಒಂದು ಕ್ಷಣ ಸಮಾಧಾನವೆನಿಸಿತು: ಇಲ್ಲಿ ಮಡಚಲು ಬೆರಳಾದರೂ ಇದೆ. ಒಂದನ್ನು ಮಡಚಿದಳು. ಅಜ್ಜಪ್ಪ ಅದನ್ನು ನೆಟ್ಟಗೆ ಮಾಡಿದ. ಮತ್ತೆ ಮಡಚಿದಳು. ಮತ್ತೆ ನೆಟ್ಟಗಾಯಿತು. ಅವನ ಮುಖದಲ್ಲಿ ಏನೂ ಕದಲಲಿಲ್ಲ. ಕಣ್ಣು ಅವಳನ್ನು ದಾಟಿ ಎಲ್ಲೋ ನೋಡುತ್ತಿತ್ತು. ಆ ಹೆಸರಿಲ್ಲದ ಮೇಲ್‌ಗಳಿಗೆ ಮುಖವಿದ್ದರೆ ಹೀಗೇ ಇರುತ್ತಿತ್ತು ಎನಿಸಿತು.

ಅವಳು ಎಡಗೈಯಿಂದ ಟವೆಲ್ ಎಳೆದುಬಿಟ್ಟಳು.

ಬಿಸಿಲಲ್ಲಿ ಮೂರು ಬೆರಳು ಎಲ್ಲರಿಗೂ ಕಂಡವು. ಯಾರೋ “ಅಯ್ಯೋ” ಎಂದರು. ವ್ಯಾಪಾರದ ನಡುವೆ ಟವೆಲ್ ಎಳೆದವರನ್ನು ಆ ಸಂತೆ ಕಂಡಿರಲಿಲ್ಲ. ಅಜ್ಜಪ್ಪ ಬೆರಳುಗಳನ್ನು ನಿಧಾನವಾಗಿ ಮಡಚಿಕೊಂಡ.

“ನೋಡಿದ್ರಾ? ಪದ್ಧತಿ ಅಂತ ಬಂದೋಳು,” ಎಂದ. ಅವಳ ಕೈಯಿಂದ ಟವೆಲ್ ಕಿತ್ತು, ಕೊಡವಿ, ತಲೆಗೆ ಸುತ್ತಿಕೊಂಡ. “ಹೋಗು. ಇನ್ನು ಈ ಸಂತೆಯಾಗೆ ನಿನಗೆ ಯಾರೂ ಕೈ ಕೊಡಲ್ಲ.”

ಸುಮಾ ಕಾಗದ ಮಡಚಿ ಹೊರಟಳು. ಮುಚ್ಚಿದ್ದನ್ನು ತೆಗೆಯಿರಿ ಎಂದಿದ್ದರು. ತೆಗೆದಿದ್ದಾಯಿತು.

ಎರಡೂ ಬದಿ ವ್ಯಾಪಾರ ನಡೆಯುತ್ತಲೇ ಇತ್ತು. ಅವಳು ಹತ್ತಿರ ಬಂದಂತೆ ಟವೆಲ್ಲುಗಳ ಕೆಳಗಿನ ಅಲುಗಾಟ ನಿಲ್ಲುತ್ತಿತ್ತು; ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು.